ಮುಳ್ಳು ಕೂಡಿಸದ ಒಂಬತ್ತು ದಿನ

ಅನುಜಾಗೆ ಬೆಟ್ಟ ಸಾಕುಸಾಕಾಗಿತ್ತು. ಮೂರು ಮಳೆಗಾಲ ಕಾತ್ರಜದಲ್ಲಿ ಮೊದಲ ಬಸ್ಸು ಹಿಡಿದು, ಭೋರ್ ಆಚೆಯ ಘಟ್ಟ ಹತ್ತಿ, ಲಿವರ್‌ವರ್ಟ್ ಹುಡುಕಿದ್ದಳು. ಲಿವರ್‌ವರ್ಟ್ ಎಂದರೆ ಪಾಚಿಯ ನೆಂಟ. ಹೂವಿಲ್ಲ, ಬೇರಿಲ್ಲ, ಒದ್ದೆ ಬಂಡೆಗೆ ಅಂಟಿಕೊಂಡ ಉಗುರಗಲದ ಹಸಿರು. ಬೆಟ್ಟದ ಬುಡದಲ್ಲಿ ನಾಲ್ಕೈದು ಬಗೆ, ಮಂಜು ನಿಲ್ಲುವ ನಡುಮಟ್ಟದಲ್ಲಿ ಇಪ್ಪತ್ತು, ಗಾಳಿ ಒಣಗಿಸುವ ನೆತ್ತಿಯಲ್ಲಿ ಮತ್ತೆ ಕಡಿಮೆ. ಮೂವತ್ತು ವರ್ಷದ ಹಿಂದೆ ಅವಳ ಮಾಸ್ತರು ಮಧುಕರ ಸರ್ ಇದೇ ಬೆಟ್ಟದಲ್ಲಿ ಗುರುತಿಸಿದ ನಡುಮಟ್ಟದ ಮೇಲಂಚು ಈಗ ಅರವತ್ತು ಮೀಟರ್ ಏರಿದೆ, ಸೆಖೆಗೆ ಹೆದರಿ ಗಿಡಗಳು ಮೇಲೆ ಹೊರಟಿವೆ ಎಂಬುದೇ ಅವಳ ಪ್ರಬಂಧ. ಸೋಮವಾರ ಒಪ್ಪಿಸುವುದಿತ್ತು.

ಶನಿವಾರ ಬಿಬವೇವಾಡಿಯ ಮನೆಯಲ್ಲಿ ಸರ್ ಅವಳ ಟಿಪ್ಪಣಿ ಪುಸ್ತಕ ತಿರುವುತ್ತ ಕೂತಿದ್ದರು. ಕಾಲೇಜು ಅವರಿಗೆ ನಿವೃತ್ತಿ ಕೊಟ್ಟಿತ್ತು, ಮಾಸ್ತರಿಕೆಗೆ ಮಾತ್ರ ಯಾರೂ ಕೊಟ್ಟಿರಲಿಲ್ಲ. ಅವಳು ಬಳಸಿದ ಎತ್ತರಮಾಪಕವೂ ಅವರದೇ.

"ಆಗಸ್ಟಿನ್ಯಾಗ ಒಂಬತ್ತು ದಿನ ಚಹಾ ಕುಡದಿಲ್ಲಲ್ಲ ನೀ?"

ಆ ಮಾಪಕ ಗಾಳಿಯ ಒತ್ತಡ ನೋಡಿ ಎತ್ತರ ಹೇಳುತ್ತದೆ. ಮಳೆ ಜಡಿದು ಒತ್ತಡ ಕುಸಿದರೆ ಇಲ್ಲದ ಎತ್ತರವನ್ನೂ ತೋರಿಸುತ್ತದೆ. ಅದಕ್ಕೇ ದಿನವೂ ಬುಡದ ಚಹಾದಂಗಡಿಯ ಕಟ್ಟೆಯ ಮೇಲಿಟ್ಟು, ಗೊತ್ತಿರುವ ಎತ್ತರಕ್ಕೆ ಮುಳ್ಳು ಕೂಡಿಸಿ, ಪುಸ್ತಕದಲ್ಲಿ 'ಚಹಾ' ಎಂದು ಬರೆಯಬೇಕು. ಅದು ಸರ್ ಹಾಕಿಕೊಟ್ಟ ರೂಢಿ. ಮಳೆ ಜಡಿದ ಆ ಒಂಬತ್ತು ದಿನ ಮಾತ್ರ ಅವಳಿಗೆ ಕಾಲು ಎತ್ತಿಡಲಾಗದಷ್ಟು ಸುಸ್ತು. ಹಾಲಿನ ಜೀಪು ಹತ್ತಿ ನೇರ ಅರ್ಧ ಬೆಟ್ಟದಲ್ಲಿ ಇಳಿದಿದ್ದಳು. ಅರವತ್ತು ಮೀಟರಿನ ಏರಿಕೆ ಇದ್ದದ್ದು ಆ ಪುಟಗಳಲ್ಲೇ.

"ಉಳಿದ ದಿನ ನೋಡಿದ್ರ, ಗಿಡ ಎಲ್ಲಿದ್ವು ಅಲ್ಲೇ ಅದಾವ," ಎಂದರು ಸರ್. ಪುಸ್ತಕ ಮುಚ್ಚಿದರು. "ನನ್ನ ಬಿಟ್ರ ಇದು ಯಾರಿಗೂ ತಿಳಿಯಂಗಿಲ್ಲ. ನಾ ಹೇಳಂಗಿಲ್ಲ. ಭಾಳ ದಣದೀ ನೀ."

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಬೇಕಾದವರೇ ಕನಿಕರಪಟ್ಟರೆ ಎಲ್ಲಿಗೆ ಹೋಗುವುದು? ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು, ಎರಡಕ್ಕೂ ತ್ರಾಣವಿರಲಿಲ್ಲ. ಒಮ್ಮೆ ಹೂಂ ಅಂದರೆ ಸೋಮವಾರಕ್ಕೆ ಎಲ್ಲ ಮುಗಿಯುತ್ತಿತ್ತು, ಆ ಬೆಟ್ಟದ ಮುಖ ಮತ್ತೆ ನೋಡಬೇಕಾಗಿರಲಿಲ್ಲ. ಆದರೂ ಪುಸ್ತಕ ಎಳೆದುಕೊಂಡು ಒಂಬತ್ತೂ ಪುಟಗಳ ಮೇಲೆ ಗೀಟು ಹಾಕಿದಳು.

"ಅವು ಏರಿಲ್ರಿ ಸರ್," ಅಂದಳು. "ನಾನಽ ಮತ್ತ ಏರಬೇಕು."