ಉಳುಕು ತೆಗೆಯುವ ಕಾಲು

ಗುಲ್ಷನ್‌ಬೀ ಹುಟ್ಟುವಾಗ ತಲೆ ಮುಂದೆ ಮಾಡದೆ ಕಾಲು ಮುಂದೆ ಮಾಡಿದ್ದೇ ತಪ್ಪಾಯಿತು. ಹಾಗೆ ಹುಟ್ಟಿದವರ ಕಾಲು ಸೋಕಿದರೆ ಉಳುಕಿದ ಬೆನ್ನು ನೆಟ್ಟಗಾಗುತ್ತದೆ ಎಂದು ಮಸ್ಕಿಯ ಸುತ್ತಮುತ್ತ ನಂಬುತ್ತಾರೆ. ನಂಬಲಿ, ಯಾರು ಬೇಡ ಎಂದರು? ಆದರೆ ನಂಬಿದವರು ಬೆಳಕು ಹರಿಯುವ ಮೊದಲೇ ಬಂದು ಬಾಗಿಲು ಬಡಿಯುತ್ತಿದ್ದರು, ಎದ್ದು ಬಾಗಿಲು ತೆಗೆಯಬೇಕಾದವಳು ಅವಳು. ಭತ್ತದ ಚೀಲ ಎತ್ತಿ ಸೊಂಟ ಹಿಡಿದವರು, ಕೊಡ ಇಳಿಸುವಾಗ ಬೆನ್ನು ಚಳಕ್ ಎಂದವರು, ಬೈಕಿನಿಂದ ಬಿದ್ದವರು, ಎಲ್ಲರೂ ಅವಳ ಪಡಸಾಲೆಯಲ್ಲಿ ಬೋರಲು ಮಲಗುತ್ತಿದ್ದರು. ಅವಳು ಬಲಗಾಲು ತೊಳೆದುಕೊಂಡು, ತುಟಿ ಬಿಚ್ಚದೆ, ಹೆಬ್ಬೆರಳಿನಿಂದ ಅವರ ಬೆನ್ನ ನಡುಗೆರೆಯನ್ನು ಒತ್ತುತ್ತ ಬರಬೇಕು. ಅದಕ್ಕೆ ಪ್ರತಿಯಾಗಿ ಏನನ್ನೂ ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡರೆ ಕಾಲಿನ ಗುಣ ಹೋಗುತ್ತದೆ. ಗುಣವಾದವರೂ ಉಪಕಾರವಾಯಿತು ಎನ್ನದೆ, ತಿರುಗಿ ನೋಡದೆ ಹೋಗಬೇಕು. ಈ ಕೊನೆಯ ಕಟ್ಟಳೆಯನ್ನು ಮಾತ್ರ ಜನ ಒಂದು ದಿನವೂ ತಪ್ಪದೆ ಪಾಲಿಸುತ್ತಿದ್ದರು.

ಇದರ ಲಾಭವೆಲ್ಲ ಆದದ್ದು ಗಂಡ ಬಂದೇಸಾಬನಿಗೆ. ಮಸ್ಕಿಯಲ್ಲಿ ಬಂದೇಸಾಬ ಎಂಬ ಹೆಸರಿನವರು ಬೇಕಾದಷ್ಟು ಜನ ಇದ್ದಾರೆ. ಬಸ್ ನಿಲ್ದಾಣದ ಹತ್ತಿರ ಟ್ರಂಕು, ಛತ್ರಿ ಮಾರುವ ಈತನನ್ನು ಮಾತ್ರ ಎಲ್ಲರೂ 'ಉಳುಕಿನ ಬಂದೇಸಾಬ' ಎನ್ನುತ್ತಿದ್ದರು. ಹೋಟೆಲಿಗೆ ಹೋದರೆ ಎದ್ದು ಜಾಗ ಬಿಡುತ್ತಿದ್ದರು, ಮದುವೆಗೆ ಹೋದರೆ ಮುಂದಿನ ಸಾಲಿಗೆ ಕರೆಯುತ್ತಿದ್ದರು. ಕಾಲು ಹೆಂಡತಿಯದು, ಮೆರೆಯುವವನು ಗಂಡ.

ಅಂಥ ಬಲಗಾಲು ಒಂದು ಬೆಳಗ್ಗೆ ನೆಲಕ್ಕೆ ಊರಲು ಬರಲಿಲ್ಲ. ಹಿಂದಿನ ರಾತ್ರಿ ಕೌದಿ ಹೊಲಿದು ಮಲಗುವಾಗ ಚೆನ್ನಾಗಿಯೇ ಇತ್ತು. ಎದ್ದು ನೋಡಿದರೆ ಪಾದದ ಗಿಣ್ಣು ಬದನೆಕಾಯಿಯಷ್ಟು ದಪ್ಪ, ಕೆಂಪಗೆ, ಮುಟ್ಟಿದರೆ ಹೆಂಚಿನ ಹಾಗೆ ಬಿಸಿ. ಮೈಯಲ್ಲಿ ಚಳಿಜ್ವರ. ಹೊದ್ದ ಬಟ್ಟೆ ಸೋಕಿದರೂ ಜೀವ ಹೋದಂತಾಗುತ್ತಿತ್ತು.

"ಲಿಂಗಸುಗೂರು ದವಾಖಾನಿಗೆ ಹೋಗೋಣು ನಡ್ರಿ," ಎಂದಳು ಗಂಡನಿಗೆ.

ಬಂದೇಸಾಬ ಮೊದಲು ಬಾಗಿಲು ಮುಂದೆ ಮಾಡಿದ. ಆಮೇಲೆ ದನಿ ತಗ್ಗಿಸಿ, "ಹುಚ್ಚಿದೀ ಏನು? ಊರ ಉಳುಕು ತಗ್ಯಾಕಿ ತನ್ನ ಕಾಲು ಹಿಡ್ಕೊಂಡು ದವಾಖಾನಿ ಮುಂದ ಕುಂತಾಳ ಅಂತ ಮಂದಿ ನಗಂಗಿಲ್ಲೇನು?" ಎಂದ.

"ನಗಲಿ. ನಕ್ಕರ ನನ್ನ ಬ್ಯಾನಿ ಹೆಚ್ಚಾಗಂಗಿಲ್ಲ."

"ಇದು ವಾಯು. ಮನ್ಯಾಗ ಏನಾರ ಹಚ್ಚಿದ್ರ ಇಳಿತೈತಿ. ಯಾರಾರ ಕೇಳಿದ್ರ ಜ್ವರ ಅನ್ನು, ಕಾಲಿನ ಸುದ್ದಿ ತಗೀಬ್ಯಾಡ."

ಮಗಳು ಶಾಜಿಯಾ ಕಾಲೇಜಿಗೆ ಹೊರಟವಳು ಚೀಲ ಕೆಳಗಿಟ್ಟಳು. "ಅಬ್ಬಾ, ಅಮ್ಮೀ ಕಾಲು ನೋಡಿರೇನು ನೀವು?" ಎಂದಳು. ಆತ ನೋಡಿರಲಿಲ್ಲ. ಆಗಲೂ ನೋಡಲಿಲ್ಲ, ಅಂಗಡಿಯ ಕೀಲಿಕೈ ಹುಡುಕುತ್ತ ಹೊರಟುಹೋದ.

ಬಾಯಿ ಮುಚ್ಚಿಕೊಂಡಿರುವುದಾಗಿ ಆಣೆ ಮಾಡಿಸಿಕೊಂಡು ಪಕ್ಕದ ಮನೆಯ ಸಕೀನಾಬೀಯನ್ನೂ ಎದುರು ಮನೆಯ ಕಲ್ಯಾಣಮ್ಮನನ್ನೂ ಹೋಗುವಾಗ ಆತನೇ ಒಳಗೆ ಕಳಿಸಿದ್ದ. ಸಕೀನಾಬೀ ಎಕ್ಕೆಯ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ಗಿಣ್ಣಿಗೆ ಸುತ್ತಿ ಬಿಗಿದು ಕಟ್ಟಿದಳು. ಗುಲ್ಷನ್‌ಬೀ ಸುಡುತ್ತದೆ ಎಂದರೆ, "ಸುಟ್ಟರನ ವಾಯು ಓಡ್ತೈತಿ," ಎಂದಳು. ಅದು ತಣ್ಣಗಾಗುವುದರೊಳಗೆ ಕಲ್ಯಾಣಮ್ಮ ಹುರಿದ ಉಪ್ಪಿನ ಗಂಟು ತಂದು ಕಾವು ಕೊಟ್ಟಳು. ಮಧ್ಯಾಹ್ನ ಸುಣ್ಣ ಬೆಲ್ಲ ಕಲಸಿ ಮೆತ್ತಿದರು. ಸಂಜೆ ಹುಣಸೆ ಎಲೆ ಕುದಿಸಿದ ನೀರು ಸುರಿದರು. ಬದನೆಕಾಯಿ ಬೇಡ, ಆಲೂಗಡ್ಡೆ ಬೇಡ, ಕಡಲೆ ಬೇಡ, ಮೊಸರಂತೂ ಬೇಡವೇ ಬೇಡ ಎಂದು ಒಂದೊಂದನ್ನೇ ತೆಗೆಯುತ್ತ ಹೋಗಿ, ಕೊನೆಗೆ ಅವಳ ಪಾಲಿಗೆ ಉಳಿದದ್ದು ಬಿಸಿನೀರು, ಬೆಳ್ಳುಳ್ಳಿ.

ಮಾಡಿದವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಎಲೆ ಹುಡುಕಿಕೊಂಡು ಸುಡುಬಿಸಿಲಲ್ಲಿ ಹಳ್ಳದವರೆಗೆ ಹೋಗಿ ಬಂದವರು ಅವರು. ಅವಳೂ ಅಂಥ ಎಲೆಗಳನ್ನು ಎಷ್ಟೋ ಜನರಿಗೆ ಕಟ್ಟಿದ್ದಳು, ಮಾಮೂಲಿ ನೋವಾಗಿದ್ದರೆ ಅಷ್ಟಕ್ಕೇ ಇಳಿದೂ ಇತ್ತು. ಇದು ಮಾಮೂಲಿಯದಲ್ಲ ಎಂದು ಅವಳ ಕಾಲೇ ಅವಳಿಗೆ ಹೇಳುತ್ತಿತ್ತು. ಅವಳು ಅದನ್ನೇ ಹೇಳಿದರೆ ಕೇಳುವವರು ಇರಲಿಲ್ಲ, ಸಿಟ್ಟು ಅದಕ್ಕೆ. ಎಲ್ಲರೂ ಹಚ್ಚಿದರು, ಕಟ್ಟಿದರು, ಸುರಿದರು. ಎಲ್ಲಿ ನೋಯುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಉಪ್ಪಿನ ಗಂಟು ಎತ್ತಿಕೊಂಡು ಹೊರಟ ಕಲ್ಯಾಣಮ್ಮ ಹೊಸ್ತಿಲಲ್ಲಿ ನಿಂತು, "ನಿನ್ನ ಕಾಲು ಇಳೀತಂದ್ರ ಮೊದಲ ನಮ್ಮ ಅಳಿಯಂದು ಬೆನ್ನು ನೋಡಬೇಕವ್ವಾ, ಪಾಪ ಬಗ್ಗಾಕ ಬರವಲ್ದು ಅವಗ," ಎಂದಳು. ಗುಲ್ಷನ್‌ಬೀಗೆ ಮೈಯೆಲ್ಲ ಉರಿದುಹೋಯಿತು.

ಮರುದಿನ ಬಾವು ಮೀನಖಂಡದವರೆಗೆ ಏರಿತು. ಎಲೆ ಬಿಚ್ಚಿದ ಕಡೆ ಚರ್ಮ ಬೊಬ್ಬೆ ಎದ್ದಿತ್ತು. ಬಾಗಿಲಿಗೆ ಬಂದವರಿಗೆಲ್ಲ ಬಂದೇಸಾಬ, ಆಕೆ ಸಿಂಧನೂರಿಗೆ ತಂಗಿಯ ಮನೆಗೆ ಹೋಗಿದ್ದಾಳೆ ಎಂದು ಹೇಳಿ ಕಳಿಸುತ್ತಿದ್ದ. ಒಳಗೆ ಮಲಗಿದ್ದ ಗುಲ್ಷನ್‌ಬೀ ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ನೋವು ತನ್ನದು, ಮುಚ್ಚಿಟ್ಟದ್ದು ಅವನ ಹೆಸರಿಗೋಸ್ಕರ. ನರಳುವುದಕ್ಕೂ ಅವಳು ಸೆರಗು ಬಾಯಿಗೆ ಒತ್ತಿಕೊಳ್ಳಬೇಕಾಗಿತ್ತು.

ಮೂರನೆಯ ದಿನ ಬಿಸಿಲೇರುವ ಹೊತ್ತಿಗೆ ಬೀದಿಯಲ್ಲಿ ಕಾರು ನಿಂತಿತು. ಗೊರೇಬಾಳದ ಹುಸೇನಪ್ಪ, ಅಕ್ಕಿ ಗಿರಣಿಯ ಧಣಿ, ಮಗ ಹುಲಿಗೇಶನ ಹೆಗಲು ಹಿಡಿದು ಅರ್ಧ ಬಾಗಿದ್ದವನು ಬಾಗಿದಂತೆಯೇ ಇಳಿದ. ಅಷ್ಟು ದೊಡ್ಡ ಮನುಷ್ಯ, ಅಷ್ಟು ದೊಡ್ಡ ಕಾರು, ಓಣಿಯೆಲ್ಲ ನೋಡುತ್ತ ನಿಂತಿದೆ. ಇವರಿಗೂ ಸಿಂಧನೂರಿನ ತಂಗಿಯ ಕಥೆ ಹೇಳುವ ಧೈರ್ಯ ಬಂದೇಸಾಬನಿಗೆ ಬರಲಿಲ್ಲ. ಇಲ್ಲ, ಧೈರ್ಯದ ಮಾತಲ್ಲ ಅದು, ಅವನಿಗೆ ಮನಸ್ಸೇ ಬರಲಿಲ್ಲ. "ಬರ್ರಿ ಸಾವ್ಕಾರ್ರ, ಬರ್ರಿ," ಎಂದು ಹೊಸ ಕೌದಿ ಹಾಸಿ ಬೋರಲು ಮಲಗಿಸಿ, ಒಳಗೆ ಓಡಿ ಬಂದ.

"ಒಂದ ಸಲ, ಗುಲ್ಷನ್. ಬರೇ ಸೋಕಿಸಿದ್ರ ಸಾಕು. ನನ್ನ ಮರ್ಯಾದಿ ಪ್ರಶ್ನಿ."

"ನಿಂದ್ರಾಕ ಬರವಲ್ದು ನನಗ."

"ನಾವು ಹಿಡ್ಕೊಂತೀವಿ."

ಅಬ್ಬಾನ ತೋಳು ಜಗ್ಗಿ ತಡೆಯಲು ಹೋದ ಶಾಜಿಯಾಳನ್ನು ಆತ ಬದಿಗೆ ಸರಿಸಿದ. ಸಕೀನಾಬೀ, ಕಲ್ಯಾಣಮ್ಮ ಕಂಕುಳಿಗೆ ಕೈ ಕೊಟ್ಟು ಗುಲ್ಷನ್‌ಬೀಯನ್ನು ಎತ್ತಿ ತಂದರು. ಎಡಗಾಲ ಮೇಲೆ ನಿಂತು ಅವಳು ನಡುಗುತ್ತಿದ್ದಳು. ಬಂದೇಸಾಬ ಬಗ್ಗಿ ಅವಳ ಬಲಗಾಲನ್ನು, ಅದೇ ಬಾತ ಗಿಣ್ಣಿನಲ್ಲಿ, ಗುದ್ದಲಿಯ ಹಿಡಿಯನ್ನು ಹಿಡಿದ ಹಾಗೆ ಹಿಡಿದು ಮೇಲೆತ್ತಿದ.

ಗುಲ್ಷನ್‌ಬೀ ಕಿರುಚಿದಳು. ಅಂಥ ಕಿರುಚಾಟವನ್ನು ಆ ಓಣಿ ಕೇಳಿರಲಿಲ್ಲ. ಕಟ್ಟೆಯ ಮೇಲಿನ ಕೋಳಿಗಳು ಚೆಲ್ಲಾಪಿಲ್ಲಿಯಾದವು. ಬೋರಲು ಬಿದ್ದಿದ್ದ ಹುಸೇನಪ್ಪ, ತನ್ನ ಮೇಲೆ ಏನೋ ಕುಸಿದುಬಿತ್ತೆಂದು ಹೆದರಿ, "ಯವ್ವೋ!" ಎಂದು ಚಂಗನೆ ಜಿಗಿದು ಎದ್ದು ಬಾಗಿಲವರೆಗೆ ಓಡಿದ. ಬಾಗಿಲಲ್ಲಿ ನಿಂತ. ಸೊಂಟ ಮುಟ್ಟಿ ನೋಡಿಕೊಂಡ. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ.

"ಲೇ ಹುಲಿಗೇಶ, ಹೋತಲ್ಲಲೇ ಉಳುಕು!"

ಓಣಿಗೆ ಓಣಿಯೇ ಹೋ ಎಂದಿತು. "ಕಾಲು ಸೋಕದನ ಗುಣ ಆತು! ಬರೇ ದನೀಗೇ ಓಡಿಹೋತು ನೋಡ್ರಿ!" ಎಂದು ಬಂದೇಸಾಬ ಕುಣಿದಾಡಿದ. ಕಂಕುಳಿಗೆ ಕೈ ಕೊಟ್ಟಿದ್ದ ಇಬ್ಬರೂ ಆ ಸಂಭ್ರಮದಲ್ಲಿ ಕೈಬಿಟ್ಟು ಮುಂದೆ ಹೋದರು. ಗುಲ್ಷನ್‌ಬೀ ಗೋಡೆ ಹಿಡಿದು ಜಾರಿ ನೆಲಕ್ಕೆ ಕುಳಿತಳು. ಅವಳ ಕಾಲಿನ ಬೊಬ್ಬೆ ಒಡೆದು ನೀರು ಸೋರುತ್ತಿತ್ತು. ಶಾಜಿಯಾ ಒಬ್ಬಳೇ ಹತ್ತಿರ ಬಂದು ಕೂತು ಅಳತೊಡಗಿದಳು.

ಮಗಳ ಅಳು ನೋಡಿ ಗುಲ್ಷನ್‌ಬೀಯ ಅಳು ನಿಂತಿತು. "ಸಾವ್ಕಾರ್ರ," ಎಂದು ಗಟ್ಟಿಯಾಗಿ ಕರೆದಳು. ಕಾಲಿನ ಕೆಲಸದ ಹೊತ್ತಿನಲ್ಲಿ ಅವಳು ಯಾರೊಂದಿಗಾದರೂ ಆಡಿದ ಮೊದಲ ಮಾತು ಅದು. "ನಿಮ್ಮ ಬೆನ್ನು ನೆಟ್ಟಗಾತಿಲ್ಲೋ?"

"ಆತವ್ವಾ, ಆತು."

"ಹಂಗಾರ ಕಾರು ತಿರುಗಿಸ್ರಿ. ನನ್ನ ಲಿಂಗಸುಗೂರು ದವಾಖಾನಿಗೆ ಬಿಡ್ರಿ."

ಬಂದೇಸಾಬನ ಮುಖ ಇಳಿಯಿತು. "ಏನ್ ಮಾತಾಡ್ತೀ? ಏನೂ ತಗೊಳ್ಳಂಗಿಲ್ಲ ಅಂತ ಗೊತ್ತಿಲ್ಲೇನು? ಕಾರಿನ್ಯಾಗ ಕುಂತಿ ಅಂದ್ರ ಕಾಲಿನ ಗುಣ ಹೋಗ್ತೈತಿ!"

"ಹೋಗ್ಲಿ!" ಎಂದಳು ಗುಲ್ಷನ್‌ಬೀ. "ಇವತ್ತ ಹೋಗ್ಲಿ, ಈಗಿಂದೀಗ ಹೋಗ್ಲಿ! ಗುಣ ಹೋಗಿ ಕಾಲಾರ ಉಳೀಲಿ. ಊರ ಬೆನ್ನೆಲ್ಲ ನನ್ನ ಕಾಲ್ನ್ಯಾಗ, ನನ್ನ ಕಾಲು ಯಾರ ಕಣ್ಣಾಗೂ ಇಲ್ಲ. ಮೂರು ದಿನದಿಂದ ಸಾಯಾಕತ್ತೀನಿ, ಸಿಂಧನೂರಿಗೆ ಹೋಗ್ಯಾಳ ಅಂತೀರಿ. ನಾ ಎಲ್ಲಿಗೂ ಹೋಗಿಲ್ಲ. ಇಲ್ಲೇ ಅದೀನಿ. ನೋಡ್ರಿ ಎಲ್ಲಾರೂ ನನ್ನ ಕಾಲು!"

ಸೀರೆ ಸರಿಸಿ ಕಾಲು ಮುಂದೆ ಚಾಚಿದಳು. ಗದ್ದಲ ತಣ್ಣಗಾಯಿತು. ಹುಸೇನಪ್ಪ ಆ ಕಾಲನ್ನು ನೋಡಿ, "ಅಯ್ಯೋ ಇದರ, ಇಂಥಾ ಕಾಲು ನನ್ನ ಮ್ಯಾಲ ಇಡಿಸಾಕ ಹೊಂಟಿದ್ದಿಯೇನೋ ಬಂದೇಸಾಬ?" ಎಂದು ಬೈದು, ಮಗನಿಗೆ ಕಾರಿನ ಬಾಗಿಲು ತೆಗೆಯಲು ಹೇಳಿದ. ಶಾಜಿಯಾ ತಾಯಿಯನ್ನು ಹಿಂದಿನ ಸೀಟಿನ ಉದ್ದಕ್ಕೂ ಕೂಡಿಸಿ ತಾನು ಕೆಳಗೆ ಮುದುರಿ ಕುಳಿತಳು. ಬಂದೇಸಾಬ ಕಟ್ಟೆಯ ಮೇಲೆಯೇ ಉಳಿದ.

ಲಿಂಗಸುಗೂರಿನ ದವಾಖಾನೆಯಲ್ಲಿ ಡಾಕ್ಟರಮ್ಮ ಕಾಲನ್ನು ಮುಟ್ಟುವ ಮೊದಲು, "ಎಲ್ಲಿ ಜಾಸ್ತಿ ನೋಯುತ್ತೆ ಅಮ್ಮಾ?" ಎಂದು ಕೇಳಿದಳು. ಅಷ್ಟಕ್ಕೇ ಗುಲ್ಷನ್‌ಬೀಗೆ ದುಃಖ ಒತ್ತರಿಸಿ ಬಂತು. ಕೀಲಿನೊಳಗೆ ಕೀವು ಸೇರಿತ್ತು. ಸೂಜಿ ಹಾಕಿ ತೆಗೆದರು, ಸಲೈನ್ ಹಚ್ಚಿದರು. ನೋವು ಹೀಗೆ ಒಮ್ಮೆಲೇ ಬಂದು, ಬಾವು, ಬಿಸಿ, ಜ್ವರ ಕೂಡಿಕೊಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು, ಇನ್ನೂ ತಡ ಮಾಡಿದ್ದರೆ ಕೀಲೇ ಹೋಗುತ್ತಿತ್ತು ಎಂದು ಡಾಕ್ಟರಮ್ಮ ಶಾಜಿಯಾಗೆ ಬೈದಳು. ಬೈಸಿಕೊಳ್ಳಬೇಕಾದವನು ಅಲ್ಲಿರಲಿಲ್ಲ. ಕಾಲನ್ನು ಎತ್ತರದಲ್ಲಿ ಇಡಬೇಕು ಎಂದರು. ವಾರ್ಡಿನಲ್ಲಿ ಇದ್ದದ್ದು ತಲೆಗೆ ಒಂದೇ ದಿಂಬು. ಶಾಜಿಯಾ ತಂದೆಗೆ ಫೋನು ಮಾಡಿ ಮನೆಯಿಂದ ಎರಡು ದಿಂಬು ತರಲು ಹೇಳಿದಳು.

ಸಂಜೆ ಬಂದೇಸಾಬ ಬಸ್ಸಿನಲ್ಲಿ ಬಂದ. ಕೈಯಲ್ಲಿ ತುಂಬಿದ ಚೀಲವಿತ್ತು. ಶಾಜಿಯಾ ಬಿಚ್ಚಿ ನೋಡಿದರೆ ಅದರಲ್ಲಿ ತೆಂಗಿನಕಾಯಿ, ಊದಿನಕಡ್ಡಿ, ಒಂದು ಹಾರ. ದಿಂಬು ಇರಲಿಲ್ಲ.

"ಮಂದಿ ತಂದು ಕೊಟ್ಟರು," ಎಂದ ಬಂದೇಸಾಬ. "ಜವಳಗೇರಾದಿಂದ, ಮುದಗಲ್ಲಿನಿಂದ ಫೋನ್ ಬರಾಕತ್ತಾವ. ದನೀಗೇ ಉಳುಕು ಹೋಗ್ತೈತಿ ಅಂತ ಸುದ್ದಿ ಆಗೈತಿ. ಬಸ್ಸಿನ್ಯಾಗ..."

ಹೆಂಡತಿಯ ಕಣ್ಣು ನೋಡಿ ಅವನ ಮಾತು ಅಲ್ಲಿಗೇ ನಿಂತಿತು.

"ಕೂಡ್ರಿ," ಎಂದಳು ಗುಲ್ಷನ್‌ಬೀ, ಮಂಚದ ತುದಿ ತೋರಿಸಿ. ಆತ ಕೂತ. ಅವಳು ಹಲ್ಲು ಕಚ್ಚಿ, ಶಾಜಿಯಾಳ ಕೈ ಹಿಡಿದುಕೊಂಡು, ಬ್ಯಾಂಡೇಜು ಸುತ್ತಿದ ಬಲಗಾಲನ್ನು ಎತ್ತಿ ಗಂಡನ ತೊಡೆಯ ಮೇಲೆ ಇಟ್ಟಳು. ಅಕ್ಕಪಕ್ಕದ ಮಂಚದವರೆಲ್ಲ ಇತ್ತಲೇ ನೋಡಿದರು. ಬಂದೇಸಾಬ ಗಾಬರಿಯಿಂದ ಏಳಲು ಹೋದ.

"ಅಳ್ಳಾಡಬ್ಯಾಡ್ರಿ. ಊರ ಮಂದಿ ಬೆನ್ನ ಮ್ಯಾಲ ಇಟ್ಟ ಕಾಲು ಇದು, ಆಗ ನಿಮಗ ನಾಚಿಕಿ ಆಗಿಲ್ಲ. ದಿಂಬು ಮರತೀರಿ, ದಿಂಬಾಗಿ ಕೂಡ್ರಿ."

ಆತ ಕೂತ. ಎಷ್ಟೋ ವರ್ಷ ಬಾಳಿದ ಹೆಂಡತಿಯ ಕಾಲನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಬ್ಯಾಂಡೇಜಿನ ಅಂಚಿನಲ್ಲಿ ಎಕ್ಕೆ ಎಲೆ ಸುಟ್ಟ ಗುರುತು, ಅದರ ಮೇಲೆ ತನ್ನ ಬೆರಳು ಹಿಡಿದೆಳೆದ ಗುರುತು ಕಾಣುತ್ತಿದ್ದವು. ಕೈ ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡಿದ್ದ.

ಅಷ್ಟರಲ್ಲಿ ವಾರ್ಡಿನ ಬಾಗಿಲಲ್ಲಿ ಒಬ್ಬ ಸೊಂಟ ಬಾಗಿಸಿಕೊಂಡು ಬಂದು ನಿಂತ. "ಉಳುಕಿನ ಬಂದೇಸಾಬ್ರು ಅಂದ್ರ ನೀವೇನ್ರಿ? ಮಸ್ಕಿ ಅಮ್ಮಾರು ಇಲ್ಲೇ ಅದಾರಂತ ಕೇಳಿದೆ. ಬರೇ ಒಂದ್ಸಲ ದನಿ ಮಾಡಿದ್ರ ಸಾಕ್ರಿ," ಎಂದ.

ಗುಲ್ಷನ್‌ಬೀ ಗಂಡನ ಮುಖವನ್ನೇ ನೋಡುತ್ತ ಮಲಗಿದ್ದಳು. ಶಾಜಿಯಾ ಕೂಡ ನೋಡುತ್ತಿದ್ದಳು, ವಾರ್ಡಿಗೆ ವಾರ್ಡೇ ನೋಡುತ್ತಿತ್ತು. ಬಂದೇಸಾಬ ಗಾಳಿಯಲ್ಲಿದ್ದ ಕೈಯನ್ನು ಮೆಲ್ಲಗೆ ಇಳಿಸಿ, ಒತ್ತದೆ, ಬರೀ ಆನಿಸಿದಂತೆ ಅವಳ ಪಾದದ ಮೇಲಿಟ್ಟ.

"ಇಲ್ಲಪಾ," ಎಂದ. ದನಿ ಸಣ್ಣದಾಗಿತ್ತು. ಬಾಗಿಲಲ್ಲಿದ್ದವನು ಕಿವಿಗೆ ಕೈ ಹಚ್ಚಿ ಏನು ಎಂದು ಕೇಳಿದ್ದರಿಂದ ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳಬೇಕಾಯಿತು.

"ಆಕಿ ಕಾಲು ನೋಯಾಕತ್ತೈತಿ."