ಅತ್ತೆ ಪುಟ ತಿರುಗಿಸಿದ್ದು

ಹನ್ನೆರಡು ವರ್ಷದ ಹಿಂದೆ ನಾನು ಪಿಯಾನೊ ಕಛೇರಿಯ ನಡುವೆ ನಿಂತುಹೋದದ್ದನ್ನು ಊರು ಮರೆತಿದೆ ಎಂದುಕೊಂಡಿದ್ದೆ. ಸಂಗೀತ ಸಭೆಯ ಕಾರ್ಯದರ್ಶಿ ಮರೆತಿರಲಿಲ್ಲ.

"ಮೇಡಂ, ಶನಿವಾರ ಪಿಯಾನೊ ನುಡಿಸಬೇಕಾಗಿದ್ದವರು ಕೈಕೊಟ್ಟರು. ನೀವು ಬರ್ತೀರಾ?" ಎಂದು ಫೋನಿನಲ್ಲಿ ಕೇಳಿದರು. ನಾನು ಉಸಿರೆಳೆದುಕೊಳ್ಳುವಷ್ಟರಲ್ಲಿ, "ಈ ಸಲ ಪೂರ್ತಿ ನುಡಿಸ್ತೀರಿ ತಾನೇ?" ಎಂದು ಸೇರಿಸಿದರು.

ಆ ಸಲ ನಾನು ಎದುರಿಗೆ ಸ್ವರಲಿಪಿಯ ಪುಸ್ತಕವಿಲ್ಲದೆ, ನೆನಪಿನಿಂದಲೇ ನುಡಿಸುತ್ತಿದ್ದೆ. ಮಧ್ಯದಲ್ಲಿ ತಲೆ, ತೊಳೆದಿಟ್ಟ ಪಾತ್ರೆಯ ಹಾಗೆ, ಖಾಲಿಯಾಯಿತು. ಏನೂ ತೋಚದೆ, ಅಲ್ಲಿಗೇ ಮುಗಿಯಿತೆಂಬಂತೆ ಎದ್ದು ತಲೆಬಾಗಿದೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಪ್ಪಾಳೆ ತಟ್ಟಿದರು. ಅದರ ಬದಲು ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಮನೆಯ ಮುಂದಿನ ಕೋಣೆಯಲ್ಲಿ ಪಾಠ ಹೇಳುವವಳಾದೆ. ಮಕ್ಕಳು ಬರುತ್ತಾರೆ, ಮಕ್ಕಳ ತಾಯಂದಿರು ಬರುತ್ತಾರೆ, ಪಕ್ಕದ ಬೀದಿಯ ಹಲ್ಲಿನ ಡಾಕ್ಟರೂ ಬರುತ್ತಾರೆ. "ಡಾಕ್ಟ್ರೇ, ಒತ್ತಿದರೆ ಸಾಕು, ಕೀಳಬೇಡಿ" ಎಂದು ಅವರಿಗೆ ವಾರವಾರವೂ ಹೇಳುತ್ತೇನೆ. ಪಾಠ ಹೇಳುವುದರಲ್ಲಿ ಒಂದು ಸುಖವಿದೆ: ಬೇರೆಯವರ ತಪ್ಪುಗಳ ನಡುವೆ ನಾವು ಕ್ಷೇಮವಾಗಿ ಕೂತಿರಬಹುದು. ಆದರೆ ಎಲ್ಲರೂ ಹೋದ ಮೇಲೆ ಪಿಯಾನೊ ಮುಚ್ಚುವಾಗ, ಇದನ್ನು ನುಡಿಸುವವಳು ಇನ್ನೂ ಇದ್ದಾಳೋ ಇಲ್ಲವೋ ಎಂಬ ಅನುಮಾನ ನನ್ನನ್ನು ಬಿಟ್ಟಿರಲಿಲ್ಲ.

"ಬರ್ತೀನಿ. ಆದರೆ ಪುಸ್ತಕ ಇಟ್ಕೊಂಡು ನುಡಿಸ್ತೀನಿ" ಎಂದೆ.

ಪುಸ್ತಕ ಇಟ್ಟುಕೊಂಡರೆ ಪಕ್ಕದಲ್ಲಿ ಪುಟ ತಿರುಗಿಸುವವರು ಬೇಕು, ಎರಡು ಕೈಗೂ ಬಿಡುವಿರುವುದಿಲ್ಲವಲ್ಲ. ನನ್ನ ಹಿರಿಯ ಶಿಷ್ಯೆ ಒಪ್ಪಿಕೊಂಡಳು. ಗುರುವಾರ ಅವಳಿಗೆ ಮಂಗನಬಾವು ಬಂದು ಕೆನ್ನೆ ಕುಂಬಳಕಾಯಿಯಂತಾಯಿತು. ಉಳಿದವರು ನನ್ನ ಗಂಡ. ಅವರಿಗೋ ಪಿಯಾನೊ ಶುರುವಾದರೆ ನಿದ್ದೆಯೂ ಶುರುವಾಗುತ್ತದೆ.

"ನಾನಿಲ್ವಾ?" ಎಂದರು ಅತ್ತೆ, ಹೆಣೆಯುತ್ತಿದ್ದ ಸ್ವೆಟರಿನಿಂದ ತಲೆ ಎತ್ತದೆ.

"ಅತ್ತೆ, ನಿಮಗೆ ಸ್ವರಲಿಪಿ ಓದೋಕೆ ಬರಲ್ವಲ್ಲ."

"ನಿನ್ನ ಮಾವನಿಗೆ ಅಡುಗೆ ಬರ್ತಿತ್ತಾ? ಬಂದವರಿಗೆಲ್ಲ ಅವರೇ ಬಡಿಸ್ತಿರಲಿಲ್ವಾ? ಓದೋದು ನಿನ್ನ ಕೆಲಸ, ತಿರುಗಿಸೋದು ನನ್ನ ಕೆಲಸ. ನೀನು ತಲೆ ಆಡಿಸು, ಸಾಕು."

ಅಂದೇ ಅಭ್ಯಾಸಕ್ಕೆ ಕೂತೆವು. ಮೊದಲ ಸಾಲು ಮುಗಿಯುವಷ್ಟರಲ್ಲಿ ಅತ್ತೆ ನಾಲ್ಕು ಹಾಳೆ ತಿರುಗಿಸಿದ್ದರು.

"ಅತ್ತೆ!"

"ನನ್ನನ್ನೇನು ಬೈತೀಯ? ನೀನೇ ತಲೆ ಆಡಿಸಿದ್ದು."

"ಅಮ್ಮ ಹೇಳೋದು ಸರಿ" ಎಂದರು ಗಂಡ ಪತ್ರಿಕೆಯ ಹಿಂದಿನಿಂದ. "ನೀನು ತರಕಾರಿ ಹೆಚ್ಚುವಾಗಲೂ ತಲೆ ಆಡಿಸ್ತೀಯ."

ಮಕ್ಕಳಿಗೆ ಲಯ ತೋರಿಸಿ ತೋರಿಸಿ ನನ್ನ ಕತ್ತು ಗಡಿಯಾರವಾಗಿತ್ತು. ನಾನದನ್ನು ಗಮನಿಸಿಯೇ ಇರಲಿಲ್ಲ. ಆಗ ಒಂದು ವಿಷಯ ಹೊಳೆಯಿತು. ನಾನು ಒಪ್ಪಿದ್ದೇನೆ ಎಂದುಕೊಂಡು ಈ ಮನೆಯಲ್ಲಿ ಎಷ್ಟು ತೀರ್ಮಾನಗಳಾಗಿವೆಯೋ! ಕೋಣೆಗೆ ಬಳಿದ ಆ ಹಸಿರು ಬಣ್ಣಕ್ಕೆ ನಾನು ಯಾವಾಗ ಹೂಂ ಅಂದೆ ಎಂಬುದು ಈಗ ಗೊತ್ತಾಯಿತು.

ಕೊನೆಗೆ ಹುಬ್ಬು ಹಾರಿಸುವುದೆಂದು ಒಪ್ಪಂದವಾಯಿತು.

"ಹುಬ್ಬು ಹಾರಿಸಿದರೆ ಮಾತ್ರ, ಅತ್ತೆ. ಇಲ್ಲದಿದ್ದರೆ ಚಾವಣಿ ಕುಸಿದರೂ ಮುಟ್ಟಬಾರದು."

"ಮುಟ್ಟಲ್ಲ ಕಣೇ. ನನ್ನ ಮಾತು ಅಂದ್ರೆ ಮಾತು."

ಶುಕ್ರವಾರವಿಡೀ ಹುಬ್ಬು ಹಾರಿಸಿದೆ. ಸಂಜೆ ಪಾಠಕ್ಕೆ ಬಂದ ಹಲ್ಲಿನ ಡಾಕ್ಟರು, "ನಾನೇನಾದ್ರೂ ತಪ್ಪು ಮಾಡಿದ್ನಾ ಮೇಡಂ?" ಎಂದು ಮೂರು ಸಲ ಕೇಳಿದರು.

ಶನಿವಾರ ಸಭಾಂಗಣ ತುಂಬಿತ್ತು. ಕಾರ್ಯದರ್ಶಿ ಮೊದಲ ಸಾಲಿನ ತುದಿಯಲ್ಲಿ, ಬೇಕಾದರೆ ಎದ್ದು ಕ್ಷಮೆ ಕೇಳಲು ಅನುಕೂಲವಾಗುವಂತೆ ಕೂತಿದ್ದರು. ಅತ್ತೆ ನನಗಿಂತ ನಿಧಾನವಾಗಿ, ನನಗಿಂತ ಗಂಭೀರವಾಗಿ ವೇದಿಕೆಗೆ ಬಂದರು. ನನ್ನ ಎಡಕ್ಕಿದ್ದ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ, ಕನ್ನಡಕ ಏರಿಸಿ ಕೂತರು. ಅವರಿಗೂ ಚಪ್ಪಾಳೆ ಬಿತ್ತು.

ಮೊದಲ ಎರಡು ಕೃತಿಗಳು ಚೆನ್ನಾಗಿಯೇ ಹೋದವು. ನಾನು ಹುಬ್ಬು ಹಾರಿಸಿದೆ, ಅತ್ತೆ ತಿರುಗಿಸಿದರು. ಉಳಿದದ್ದು ಕೊನೆಯದು, ನಿಧಾನಗತಿಯ ದೊಡ್ಡ ಕೃತಿ. ಹನ್ನೆರಡು ವರ್ಷದ ಹಿಂದೆ ನಾನು ಅರ್ಧಕ್ಕೇ ಬಿಟ್ಟು ಎದ್ದದ್ದು ಇದನ್ನೇ. ಬೇರೆ ಯಾವುದಾದರೂ ಆರಿಸಿಕೊಳ್ಳಬಹುದಿತ್ತು. ಆದರೆ ಬೇರೆ ಯಾವುದನ್ನು ಮುಗಿಸಿದರೂ ಇದು ಮುಗಿದಂತಾಗುತ್ತಿರಲಿಲ್ಲ.

ಶುರು ಮಾಡಿದೆ. ಆಮೇಲೆ ಏನಾಯಿತೆಂದು ಹೇಳುವುದು ಕಷ್ಟ. ಎಡಗೈ ತನ್ನಷ್ಟಕ್ಕೆ ನಡೆಯುತ್ತಿತ್ತು, ಬಲಗೈ ಅದರ ಜೊತೆ ಮಾತಾಡುತ್ತಿತ್ತು. ನಾನು ಅವೆರಡರ ನಡುವೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಯಾರ ತಪ್ಪನ್ನೂ ತಿದ್ದಬೇಕಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಕಣ್ಣು ಪುಸ್ತಕದ ಮೇಲೆ ಬಿತ್ತು.

ಎದುರಿಗೆ ಇನ್ನೂ ಆ ಕೃತಿಯ ಮೊದಲ ಪುಟವೇ ಇತ್ತು.

ಎಡಕ್ಕೆ ನೋಡಿದೆ. ಅತ್ತೆ ಬೆನ್ನು ನೆಟ್ಟಗೆ ಮಾಡಿ, ಬೆಕ್ಕು ಇಲಿಬಿಲ ಕಾಯುವಂತೆ ನನ್ನ ಹುಬ್ಬನ್ನೇ ಕಾಯುತ್ತಿದ್ದರು. ನಾನು ಹಾರಿಸಿಯೇ ಇರಲಿಲ್ಲ! ಇಷ್ಟು ದೂರ ನೆನಪಿನಿಂದಲೇ ಬಂದಿದ್ದೇನೆ ಎಂದು ಆಗ ತಿಳಿಯಿತು. ಮುಂದೇನು? ಮುಂದೇನು? ಹಳೆಯ ಆ ಖಾಲಿ ಪಾತ್ರೆ ನನ್ನತ್ತ ಬಾಯಿ ತೆರೆಯತೊಡಗಿತು. ಗಾಬರಿಯಲ್ಲಿ ಹುಬ್ಬೂ ಮರಗಟ್ಟಿತು.

ಅತ್ತೆ ಒಮ್ಮೆ ಜನರತ್ತ ನೋಡಿದರು. ಎದ್ದರು. ಬೆರಳನ್ನು ನಾಲಿಗೆಗೆ ತಾಗಿಸಿ, ಕೊನೆಯ ಸಾಲಿನವರಿಗೂ ಕಾಣುವಂತೆ ಕೈ ಬೀಸಿ, ಇಡೀ ಪುಸ್ತಕವನ್ನು ಒಂದೇ ಏಟಿಗೆ ಮಗುಚಿದರು. ನನ್ನ ಕಣ್ಣೆದುರು ಹಿಂಬದಿಯ ರಟ್ಟು ಬಂದು ನಿಂತಿತು. ಅದರ ಮೇಲೊಂದು ಜಾಹೀರಾತು: "ಪುಟ್ಟ ಬೆರಳುಗಳಿಗೆ ಸುಲಭ ಪಾಠಗಳು. ತಪ್ಪಾದರೆ ಹೆದರಬೇಡಿ!"

ನಗು ಉಕ್ಕಿ ಬಂತು. ಹಲ್ಲು ಕಚ್ಚಿ ಅದನ್ನು ತಡೆಯುವುದೇ ದೊಡ್ಡ ಕೆಲಸವಾಗಿ, ಹೆದರುವುದಕ್ಕೆ ಬಿಡುವೇ ಸಿಗಲಿಲ್ಲ. ಅಷ್ಟರಲ್ಲಿ ಬೆರಳುಗಳು, ಸಂಜೆ ಮನೆಯ ದಾರಿ ಹಿಡಿದ ಹಸುಗಳಂತೆ, ಯಾರನ್ನೂ ಕೇಳದೆ ಮುಂದೆ ಹೋಗಿದ್ದವು. ನಾನು ಹಿಂದೆಯೇ ಹೋದೆ. ಕೊನೆಯ ಸ್ವರ ಪೂರ್ತಿ ಆರುವವರೆಗೂ ಕೈ ಎತ್ತಲಿಲ್ಲ.

ಎದ್ದು ತಲೆಬಾಗಿದೆ. ಸಭಾಂಗಣದಲ್ಲಿ ಸದ್ದೇ ಇಲ್ಲ. ಜನ ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ ನನ್ನ ಮುಖ ನೋಡಿದರು. ಊರು ಏನನ್ನೂ ಮರೆತಿರಲಿಲ್ಲ.

"ಮುಗೀತು!" ಎಂದರು ಅತ್ತೆ, ಗಟ್ಟಿಯಾಗಿ. "ಈ ಸಲ ನಿಜವಾಗ್ಲೂ ಮುಗೀತು. ತಟ್ಟಿ!"

ತಟ್ಟಿದರು ನೋಡಿ! ನಿದ್ದೆಯಲ್ಲಿದ್ದ ನನ್ನ ಗಂಡನೂ ಎದ್ದು ನಿಂತು ತಟ್ಟಿದರು.

ವೇದಿಕೆಯ ಹಿಂದೆ ಬಂದೊಡನೆ ಕೇಳಿದೆ, "ಅತ್ತೆ, ಮುಟ್ಟಬೇಡಿ ಅಂದಿರಲಿಲ್ವಾ?"

"ಎಷ್ಟು ಹೊತ್ತು ಅಂತ ಕಾಯ್ಲಿ? ಮುದುಕಿ ಸುಮ್ಮನೆ ಕೂತಿದ್ದಾಳೆ, ಕೆಲಸ ಗೊತ್ತಿಲ್ಲ ಅಂತ ನಾಲ್ಕು ಜನ ಆಡ್ಕೊಳ್ಳೋದಿಲ್ವಾ? ನಿನ್ನ ಮರ್ಯಾದೆ ನಿನಗೆ, ನನ್ನದು ನನಗೆ."

ಅಷ್ಟರಲ್ಲಿ ಕಾರ್ಯದರ್ಶಿ ಕೈ ಉಜ್ಜಿಕೊಳ್ಳುತ್ತ ಬಂದರು. ಮುಂದಿನ ತಿಂಗಳು ಇನ್ನೊಂದು ಸಂಜೆ ಖಾಲಿಯಿದೆಯಂತೆ. "ಪುಟ ತಿರುಗಿಸೋಕೆ ನಾವೇ ಒಬ್ಬರನ್ನ ಗೊತ್ತು ಮಾಡ್ತೀವಿ ಮೇಡಂ, ಸಂಗೀತ ಬಲ್ಲವರನ್ನ."

ಇನ್ನು ಮೇಲೆ ಪುಸ್ತಕವೇ ಬೇಡ ಎಂದು ಹೇಳಲು ಬಾಯಿ ತೆರೆದೆ. ಅತ್ತೆ ಕನ್ನಡಕ ತೆಗೆದು ಒರೆಸುತ್ತಿದ್ದರು, ಅದರಲ್ಲಿ ಒರೆಸುವಂಥದ್ದು ಏನೂ ಇಲ್ಲದಿದ್ದರೂ.

"ಏನೇ, ಮುಂದಿನ ಸಲಾನೂ ನಾನೇ ತಾನೇ?" ಎಂದರು.

ನಾನು ತಲೆ ಆಡಿಸಿದೆ. ಈ ಸಲ ಲಯಕ್ಕಲ್ಲ.