ತುಟಿ ಸೇರದ ಕೂಗು

ಚಿತ್ರದಲ್ಲಿರುವ ಹುಡುಗನಿಗೆ ಆರು ವರ್ಷವಿರಬಹುದು. ಮರದ ಮೆಟ್ಟಿಲಸಾಲಿನ ಕೊನೆಯ ಹಂತದಲ್ಲಿ ನಿಂತಿದ್ದಾನೆ. ಒಂದು ಕಾಲಿಗೆ ಬೂಟು ಇದೆ. ಇನ್ನೊಂದು ಬೂಟು ಎಡಗೈಯಲ್ಲಿ, ದಾರದ ತುದಿ ಹಿಡಿದು ತೂಗುಬಿಟ್ಟ ಹಾಗೆ. ಅಂಗಿಯ ಗುಂಡಿ ತಪ್ಪು ಕಾಜಕ್ಕೆ ಸೇರಿಕೊಂಡಿರುವುದರಿಂದ ಕಾಲರಿನ ಒಂದು ಕಿವಿ ಮೇಲೆದ್ದಿದೆ. ಹಿಂದಿನ ಕಿಟಕಿಯ ಬೆಳಕು ತಲೆಗೂದಲ ಅಂಚಿಗೆ ಮಾತ್ರ ತಗುಲಿ, ಮುಖವನ್ನು ನಸುಗತ್ತಲೆಗೇ ಬಿಟ್ಟುಕೊಟ್ಟಿದೆ. ಆ ನಸುಗತ್ತಲೆಯಲ್ಲಿ ಕಾಣುವುದು ಎರಡು ಕಣ್ಣು, ಮತ್ತು ತೆರೆದ ಬಾಯಿ. ಕಪ್ಪು ಬಿಳುಪಿನ ಕಾಗದ ಅಂಚಿನಲ್ಲಿ ಹಳದಿಗಟ್ಟಿದೆ; ಹುಡುಗ ಮಾತ್ರ ಇನ್ನೂ ಕೂಗುತ್ತಲೇ ಇದ್ದಾನೆ.

ಅವನ ಎದೆಯ ಮೇಲೆ ಈಗ ಟೀಚರ್ ಅವರ ಮೊಣಕೈ ಇತ್ತು.

"ಈ ಹುಡುಗನಿಗೆ ನಾನು ಹತ್ತಕ್ಕೆ ಒಂಬತ್ತೂವರೆ ಕೊಟ್ಟಿದ್ದೀನಿ. ಅದಕ್ಕಿಂತ ಜಾಸ್ತಿ ಕೊಡೋಕಾಗಲ್ಲ," ಎಂದರು ಟೀಚರ್. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. "ನನ್ನ ಹುಡುಗಿಗೆ ಒಂಬತ್ತೂ ಮುಕ್ಕಾಲು. ಅವಳೇ ಮೊದಲು."

"ಅಳೋದಕ್ಕೆ ಕಾಲು ಮಾರ್ಕು, ಅರ್ಧ ಮಾರ್ಕು ಅಂತ ಕಡಿಯೋಕೆ ಅದೇನು ಭಾಗಾಕಾರಾನಾ ಟೀಚರ್?" ಎಂದ ರೀಲಣ್ಣ. ಚಿತ್ರಮಂದಿರದಲ್ಲಿ ಮೂವತ್ತೊಂದು ವರ್ಷ ಯಂತ್ರದ ಮುಂದೆ ನಿಂತು ರೀಲು ಓಡಿಸಿದ್ದರಿಂದ ಅವನಿಗೆ ಆ ಹೆಸರು. "ನಾನು ಗೋಡೆಯ ತೂತಿನಿಂದ ಜನಾನ ನೋಡಿದೋನು. ನಿಮ್ಮ ಹುಡುಗಿ ಅತ್ತಾಗ ಗಂಡಸರೆಲ್ಲ ಸಿಗರೇಟು ಸೇದೋಕೆ ಎದ್ದು ಹೋಗ್ತಿದ್ರು. ನನ್ನ ಹುಡುಗ 'ಅಕ್ಕಾ' ಅಂತ ಕೂಗಿದಾಗ ಒಬ್ಬನಾದ್ರೂ ಅಲ್ಲಾಡಿದ್ದು ನೋಡಿಲ್ಲ."

"ಅಲ್ಲಾಡದೇ ಇದ್ದಿದ್ದು ನಿದ್ದೆ ಬಂದಿದ್ದಕ್ಕೆ ಇರಬೇಕು."

"ಟೀಚರ್!"

ಮುದ್ರಣಾಲಯದ ಮಹಡಿಯ ಮೇಲಿನ ಕೋಣೆ ಅದು. ಕೆಳಗೆ ಯಂತ್ರ ಓಡಿದಾಗಲೆಲ್ಲ ಮೇಜಿನ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಚಿತ್ರಸಂಘಕ್ಕೆ ಐವತ್ತು ತುಂಬಿದ ನೆನಪಿಗೆ ಒಂದು ಪುಸ್ತಕ ಬರುತ್ತಿತ್ತು. ಅದರ ನಡುವಿನ ಪುಟಗಳಲ್ಲಿ 'ಸಾರ್ವಕಾಲಿಕ ಹತ್ತು ಬಾಲತಾರೆಯರು'. ಹತ್ತು ಮಕ್ಕಳನ್ನು ಆರಿಸಲು ಸಮಿತಿ ಏಳು ತಿಂಗಳು ತೆಗೆದುಕೊಂಡಿತ್ತು. ಉಳಿದ ಪುಟಗಳೆಲ್ಲ ಆಗಲೇ ಯಂತ್ರಕ್ಕೆ ಹೋಗಿದ್ದವು. ಮೊದಲ ಸ್ಥಾನದ ಪುಟವೊಂದೇ ಕರಡಿನಲ್ಲಿ ಉಳಿದು, ಮಧ್ಯಾಹ್ನದ ಊಟಕ್ಕೆ ಮುಂಚೆ ಕೆಳಗಿಳಿಯಬೇಕಾಗಿತ್ತು. ಹುಡುಗನಿಗೆಂದು ಇತ್ಯರ್ಥವಾಗಿ ಹೋದ ಮೊದಲ ಸ್ಥಾನವನ್ನು ಈ ಇಬ್ಬರೂ ಆ ಬೆಳಿಗ್ಗೆ ಮತ್ತೆ ಕೆದಕಿ ಕೂತಿದ್ದರು.

ಸಂಘದ ಅಧ್ಯಕ್ಷರು ಕಣ್ಣು ಮುಚ್ಚಿಕೊಂಡು ಮೂಗಿನ ಮೇಲೆ ಕನ್ನಡಕ ಕೂತ ಗುರುತನ್ನು ಉಜ್ಜಿಕೊಳ್ಳುತ್ತಿದ್ದರು. ಬಾಗಿಲ ಬಳಿಯ ಕುರ್ಚಿಯಲ್ಲಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹಿರಿಯ ಹೆಂಗಸಿನ ಕಡೆಗೆ ಯಾರೂ ನೋಡಲಿಲ್ಲ.

ಅಧ್ಯಕ್ಷರೇ ಪತ್ರ ಬರೆದು ಆಕೆಯನ್ನು ಕರೆಸಿದ್ದರು. ಎಪ್ಪತ್ತೊಂದು ವರ್ಷದ ಆಕೆ ಯೌವನದಲ್ಲಿ ಸಿನಿಮಾದ ಮಕ್ಕಳಿಗೆ ದನಿ ಕೊಡುತ್ತಿದ್ದವರು. ಕತ್ತಲೆ ಕೋಣೆಯಲ್ಲಿ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ತೆರೆಯ ಮೇಲಿನ ಪುಟ್ಟ ತುಟಿಗಳಿಗೆ ತನ್ನ ಮಾತನ್ನು ಹೊಂದಿಸುವ ಕೆಲಸ. ಮೆಟ್ಟಿಲ ಮೇಲಿನ ಈ ಹುಡುಗನ ಕೂಗೂ ಆಕೆಯದೇ. ಆ ಸಿನಿಮಾದ ಹೆಸರುಪಟ್ಟಿಯಲ್ಲಿ ಹುಡುಗನ ತಲೆ ಬಾಚಿದವನ ಹೆಸರಿದೆ, ಆಕೆಯದಿಲ್ಲ. ಟಿ.ವಿ.ಯಲ್ಲಿ ಅದು ಬಂದಾಗಲೆಲ್ಲ "ಇದು ನನ್ನ ದನಿ" ಎಂದು ಆಕೆ ಹೇಳುವುದು, ಸೊಸೆ "ಹೌದಾ ಅತ್ತೆ?" ಎಂದು ಹೆಸರುಪಟ್ಟಿ ಮುಗಿಯುವವರೆಗೂ ಕಣ್ಣು ಕೀಲಿಸಿ ನೋಡಿ, ಅಡುಗೆಮನೆಗೆ ಹೋಗುವುದು. ಅವಳು ಒಂದು ದಿನವಾದರೂ ಎದುರಾಡಿದ್ದರೆ ಸಹಿಸಬಹುದಿತ್ತು. ಆ ಮರ್ಯಾದೆಯನ್ನು ಸಹಿಸುವುದು ಕಷ್ಟ. ಹುಡುಗನ ಚಿತ್ರದ ಕೆಳಗೆ ನಿಮ್ಮ ಹೆಸರು ಬರುತ್ತದೆ, ಬಂದು ಕರಡು ನೋಡಿ ಹೋಗಿ ಎಂದು ಅಧ್ಯಕ್ಷರು ಬರೆದಿದ್ದರು. ಆಕೆ ಎರಡು ಬಸ್ಸು ಬದಲಿಸಿ ಬಂದಿದ್ದರು.

"ಕರಡು ಕೊಡ್ತೀರಾ?" ಎಂದು ಮೂರನೆಯ ಸಲ ಕೇಳಿದರು. ರೀಲಣ್ಣ ಮಾತು ನಿಲ್ಲಿಸದೆಯೇ ಹಾಳೆಯನ್ನು ಇತ್ತ ತಳ್ಳಿದ.

ಆಕೆ ಓದಿದರು. ಹಾಳೆ ತಿರುಗಿಸಿ ಬೆನ್ನು ನೋಡಿದರು. ಮತ್ತೆ ಮೊದಲಿನಿಂದ ಓದಿದರು.

"ಇದರಲ್ಲಿ ನನ್ನ ಹೆಸರಿಲ್ಲವಲ್ಲ."

ಅಧ್ಯಕ್ಷರು ಕನ್ನಡಕ ಹಾಕಿಕೊಂಡರು. ಹಾಳೆಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ನಂತರ ನೆಲವನ್ನು ಮೂರು ಸಲ ಒದ್ದರು. ಕೆಳಗಿನವರನ್ನು ಮೇಲೆ ಕರೆಯುವ ಕ್ರಮ ಅಲ್ಲಿ ಅದೇ.

ಪುಟ ಜೋಡಿಸುವವರು ಬಂದರು. ಐವತ್ತು ದಾಟಿದ, ಹಣೆಯ ಮೇಲೆ ಒಂದು ಮತ್ತು ಕೊರಳಲ್ಲಿ ಒಂದು ಕನ್ನಡಕವಿದ್ದ ಮನುಷ್ಯ. ಹೆಸರು ಎಲ್ಲಿ ಹೋಯಿತೆಂದು ಅಧ್ಯಕ್ಷರು ಕೇಳಿದ್ದಕ್ಕೆ ಕೆಳಗಿಳಿದು, ಅವರೇ ತಿದ್ದಿ ಕೊಟ್ಟ ಹಳೆಯ ಹಾಳೆಯನ್ನು ತಂದರು.

"ಇಲ್ಲಿ ನೋಡಿ ಸಾರ್. 'ಕಂಠದಾನ' ಅಂತ ಇತ್ತು, ಮುಂದೆ ಇವರ ಹೆಸರು. ಪಕ್ಕದಲ್ಲಿ ನೀವು ಕೆಂಪು ಶಾಯೀಲಿ ಏನು ಬರೆದಿದ್ದೀರಿ? 'ಅಳಿಸಿದ ದನಿ'. ದನಿ ಅಳಿಸಿದೆ ಅಂತ ತಾನೇ? ಸರಿ, ಅಳಿಸಿದೆ."

"ಅಯ್ಯೋ! ಜನರನ್ನ ಅಳಿಸಿದ ದನಿ ಕಣ್ರೀ! ಅಳು! ಅಳು ತರಿಸಿದ ದನಿ!"

"ಹಾಗಾದ್ರೆ 'ಅಳು ತರಿಸಿದ' ಅಂತ ಬರೀಬೇಕಿತ್ತು. ಕೆಂಪು ಶಾಯಿ ಅಂದ್ರೆ ನಮಗೆ ಅಪ್ಪಣೆ ಸಾರ್. ಅದರಲ್ಲಿ ನಾವು ಕವಿತೆ ಹುಡುಕಲ್ಲ."

ರೀಲಣ್ಣ ನಕ್ಕು ನಕ್ಕು ಕೆಮ್ಮಿದ. ಟೀಚರ್ ಕೂಡ ನಕ್ಕರು. ಆ ಬೆಳಿಗ್ಗೆ ಇಬ್ಬರೂ ಒಪ್ಪಿದ ಮೊದಲ ಸಂಗತಿ ಅದು. ಬಾಗಿಲ ಬಳಿಯ ಹೆಂಗಸು ನಗಲಿಲ್ಲ.

"ಈಗ ಸೇರಿಸಿ," ಎಂದರು.

"ಜಾಗ ಎಲ್ಲಿದೆ ತಾಯಿ? ಪುಟ ಕಟ್ಟಿ ಆಗಿದೆ. ಇದೇ ಪುಟದಲ್ಲಿ ಎರಡು ಸಾಲು ತೆಗೆದು ಕೊಟ್ರೆ, ನಿಮ್ಮ ಹೆಸರು ಎರಡು ಸಾಲಲ್ಲಿ ಕೂರಿಸ್ತೀನಿ. ಬೇಗ ಹೇಳಿ, ಮಷೀನು ಕಾಯ್ತಾ ಇದೆ."

ಅಧ್ಯಕ್ಷರು ಕರಡನ್ನು ಮೇಲಿಂದ ಕೆಳಕ್ಕೆ ನೋಡಿದರು. ಕಣ್ಣು ಕೊನೆಯ ಎರಡು ಸಾಲಿನ ಬಳಿ ನಿಂತು, ತಟ್ಟನೆ ಮೇಲೆ ಹೋಯಿತು. "ತೆಗೆಯೋಂಥದ್ದು ಏನೂ ಇಲ್ಲ," ಎಂದರು. "ಒಂದು ಕೆಲಸ ಮಾಡೋಣ. ಕೊನೆಯಲ್ಲಿ ಕೃತಜ್ಞತೆಯ ಪುಟ ಇದೆಯಲ್ಲ, ಅಲ್ಲಿ ಒಂದು ಚೀಟಿ ಅಂಟಿಸಿದ್ರೆ..."

"ಅಲ್ಲಿ ಯಾರ್ಯಾರಿದ್ದಾರೆ?"

"ಎಲ್ಲರೂ ಇದ್ದಾರೆ. ಕಾಗದ ಕೊಟ್ಟವರು, ಸಭೆಗೆ ಕುರ್ಚಿ ಕೊಟ್ಟವರು..."

"ನಾನು ಕುರ್ಚಿ ಕೊಟ್ಟಿಲ್ಲ."

"ಬೇಸರ ಮಾಡ್ಕೋಬೇಡಿ ಮೇಡಂ. ಕಂಠದಾನ ಅನ್ನೋ ಮಾತೇ ಎಷ್ಟು ಚೆನ್ನಾಗಿದೆ ನೋಡಿ. ದಾನ. ಕೊಟ್ಟ ಮೇಲೆ ಹೆಸರು ಕೇಳೋದು ದಾನದ ಲಕ್ಷಣ ಅಲ್ಲ."

"ಆ ಪದ ಇಟ್ಟೋಳು ನಾನಲ್ಲ ಸ್ವಾಮಿ. ನಾನು ಮಾಡಿದ್ದು ಕೆಲಸ. ಮೂರು ದಿನ, ನಿಂತ ಕಾಲಲ್ಲಿ. ಮೂಗು ಹಿಡ್ಕೊಂಡು ಅತ್ತು ಅತ್ತು ಎರಡು ವಾರ ಗಂಟಲಿಂದ ಗಾಳಿ ಬಿಟ್ರೆ ಬೇರೇನೂ ಬರಲಿಲ್ಲ."

ಟೀಚರ್ ಇದ್ದಕ್ಕಿದ್ದಂತೆ ನೆಟ್ಟಗೆ ಕೂತರು. ಕೈಯಲ್ಲಿದ್ದ ಪೆನ್ಸಿಲು ಗಾಳಿಯಲ್ಲೇ ನಿಂತಿತು.

"ಒಂದು ನಿಮಿಷ. ಕೂಗು ಇವರದು ಅಂತಾದ್ರೆ ನಿಯಮ ಮೂರರ ಗತಿ ಏನು? 'ಮಗುವಿನ ಸ್ವಂತ ಅಭಿನಯ.' ನಾವೇ ಬರೆದಿದ್ದು. ಅರ್ಧ ಅಭಿನಯ ಬೇರೆಯವರದು ಅಂತ ಅಚ್ಚು ಹಾಕಿ, ಮೇಲೆ ಒಂದನೇ ಸ್ಥಾನ ಕೊಡ್ತೀವಾ? ಹುಡುಗ ಅನರ್ಹ! ಅವನು ಹೋದ, ನನ್ನ ಹುಡುಗಿ ಮೇಲೆ ಬಂದ್ಲು. ಲೆಕ್ಕ ಮುಗೀತು."

"ಹೋಗೋದೆಲ್ಲಿಗೆ ಹೋಗ್ತಾನೆ?" ರೀಲಣ್ಣ ಎದ್ದು ನಿಂತ. "ಅವನಿಗೆ ಈಗ ಐವತ್ತಾರು ವರ್ಷ ಟೀಚರ್. ಕನ್ನಡಕದ ಅಂಗಡೀಲಿ ಗಾಜು ಉಜ್ಜುತ್ತಾ ಕೂತಿರ್ತಾನೆ. ಮೊನ್ನೆ ಫೋನು ಮಾಡಿ ಒಂದನೇ ನಂಬರು ಅಂತ ಹೇಳಿದ್ದೀನಿ. 'ಇನ್ನೊಂದು ಸಲ ಹೇಳಿ' ಅಂದ ಅವನು. ಈಗ ಏನಂತ ಹೇಳಲಿ? ಗಂಟಲಿಗೆ ಮಾರ್ಕು ಕಡಿದ್ರು ಅಂತಾನಾ?" ಹೆಂಗಸಿನ ಕಡೆ ತಿರುಗಿ ಕೈ ಮುಗಿದ. "ಅಮ್ಮಾ, ನೀವೇ ದೊಡ್ಡ ಮನಸ್ಸು ಮಾಡಬೇಕು. ನಿಮ್ಮ ಹೆಸರು ಬಂದ್ರೆ ಅವನು ಹೋಗ್ತಾನೆ. ಬಿಟ್ಟುಬಿಡಿ."

ಸಮಿತಿಯ ಮೂವರೂ ಈಗ ಮೊದಲ ಬಾರಿಗೆ ಒಟ್ಟಿಗೆ ಆಕೆಯನ್ನು ನೋಡಿದರು. ಔದಾರ್ಯವನ್ನು ಬೇಡುವವರ ಮುಖದಲ್ಲಿ ಇರುವ ಆ ಸಣ್ಣ ಅವಸರ ಮೂವರಲ್ಲೂ ಇತ್ತು.

"ದೊಡ್ಡ ಮನಸ್ಸು," ಎಂದರು ಆಕೆ. "ನಿಯಮ ಮಾಡೋರು ನೀವು. ಅಳಿಸೋರು ನೀವು. ಮನಸ್ಸು ಮಾತ್ರ ನಾನು ಮಾಡಬೇಕು." ಟೀಚರ್ ಕಡೆ ನೋಡಿದರು. "ನಿಯಮ ಮೂರು ಹಾಕೋದಾದ್ರೆ ಎಲ್ಲರಿಗೂ ಹಾಕಿ. ನಿಮ್ಮ ಹುಡುಗೀನೂ ಹೋಗ್ತಾಳೆ."

"ಅವಳ್ಯಾಕೆ ಹೋಗ್ತಾಳೆ?"

"ಅದೂ ನಾನೇ."

ಕೆಳಗೆ ಯಂತ್ರ ನಿಂತಿತ್ತು. ಲೋಟಗಳ ಸದ್ದೂ ಇರಲಿಲ್ಲ.

"ಏಳನೇದೂ ನಾನೇ," ಎಂದು ಆಕೆ ಎದ್ದು ಮೇಜಿನ ಬಳಿ ಬಂದು, ಅಲ್ಲಿದ್ದ ಹತ್ತು ಮಕ್ಕಳ ಪಟ್ಟಿಯನ್ನು ನೋಡುತ್ತ ಮುಂದುವರಿಸಿದರು. "ಒಂಬತ್ತನೇದರಲ್ಲಿ ಹಾಡು ಬಿಟ್ಟು ಉಳಿದದ್ದು. ಏಳು ತಿಂಗಳಿಂದ ನೀವು ನನ್ನನ್ನ ನನ್ನ ಜೊತೇಲೇ ಜಗಳಕ್ಕೆ ಬಿಟ್ಟಿದ್ದೀರಿ. ಒಂದು ಕಡೆ ಅರ್ಧ ಮಾರ್ಕು ಕಮ್ಮಿ, ಇನ್ನೊಂದು ಕಡೆ ಕಾಲು."

ಟೀಚರ್ ಪೆನ್ಸಿಲನ್ನು ಮೆಲ್ಲಗೆ ಕೆಳಗಿಟ್ಟರು. ರೀಲಣ್ಣ ನಗಲು ಹೋಗಿ ಬೇಡವೆನಿಸಿ ಕೂತ.

"ಹುಡುಗನ್ನ ಇಳಿಸಬೇಡಿ," ಎಂದರು ಆಕೆ. "ಆ ಕಣ್ಣು ಅವನದೇ. ಕಣ್ಣು ನೋಡಿಕೊಂಡೇ ನಾನು ಕೂಗಿದ್ದು. ಸುಳ್ಳಿರೋದು ಈ ಎರಡು ಸಾಲಿನಲ್ಲಿ."

ಬೆರಳಿಟ್ಟದ್ದು ಕರಡಿನ ಕೊನೆಯ ಎರಡು ಸಾಲಿನ ಮೇಲೆ. 'ತಾಯಿ ಇನ್ನು ಬಾರಳೆಂದು ಅರಿತ ಮಗು ಅಮ್ಮನನ್ನಲ್ಲ, ಅಕ್ಕನನ್ನು ಕೂಗುತ್ತದೆ. ಬಾಲನಟನ ಈ ಅಂತಃಸ್ಫೂರ್ತಿಗೆ ಸಾಟಿಯಿಲ್ಲ.' ಅಧ್ಯಕ್ಷರು ನಲವತ್ತು ವರ್ಷಗಳ ಹಿಂದೆ ಬರೆದ ಪ್ರಬಂಧದ ತಿರುಳು ಅದು. ಕಾಲೇಜಿನಲ್ಲಿ ಪ್ರತಿವರ್ಷ ಹೊಸ ಮಕ್ಕಳಿಗೆ ಅವರು ಆ ವಾಕ್ಯವನ್ನು ಹೇಳಿದ್ದರು. ಪ್ರತಿವರ್ಷವೂ ಹಿಂದಿನ ಬೆಂಚಿನವರೂ ಅದನ್ನು ಬರೆದುಕೊಳ್ಳುತ್ತಿದ್ದರು.

"ಅದರಲ್ಲೇನು ಸುಳ್ಳು?" ಎಂದರು ಅಧ್ಯಕ್ಷರು. "ಅವನು ಅಕ್ಕಾ ಅಂತಲೇ ಕೂಗ್ತಾನೆ."

"ಬರೆದುಕೊಟ್ಟಿದ್ದು 'ಅಮ್ಮಾ' ಅಂತ. ನೀವೇ ಒಂದು ಸಲ ಅಮ್ಮಾ ಅನ್ನಿ ಸಾರ್. ಅನ್ನಿ."

ಅಧ್ಯಕ್ಷರು ಅನ್ನಲಿಲ್ಲ. ಆದರೆ ಅವರ ತುಟಿಗಳು ಒಂದನ್ನೊಂದು ತಾಗಿದ್ದನ್ನು ಎಲ್ಲರೂ ನೋಡಿದರು.

"ಸೇರಿತಾ? ಸೇರದೆ ಆ ಮಾತು ಬರಲ್ಲ. ಹುಡುಗನ ತುಟಿ ಅಲ್ಲಿ ಸೇರೋದೇ ಇಲ್ಲ. ಶೂಟಿಂಗಿನಲ್ಲಿ ಹಿಡಿದ ಕಚ್ಚಾ ದನೀನ ನಮ್ಮ ಕಿವಿಗೆ ಹಾಕ್ತಿದ್ರು. ಬೆಳಿಗ್ಗೆಯಿಂದ ಅವನನ್ನ ಆ ಮೆಟ್ಟಿಲ ಮೇಲೆ ನಿಲ್ಲಿಸಿದ್ರಂತೆ. ಕೊನೆಗೆ ಮಾತು ಮರೆತು, ಕ್ಯಾಮೆರಾ ಹಿಂದೆ ಇದ್ದೋರನ್ನ ನೋಡಿ 'ಆಯ್ತಾ?' ಅಂತ ಕೇಳ್ತಾನೆ. ಅಷ್ಟೇ. ಮನೆಗೆ ಹೋಗಬೇಕಿತ್ತು ಅವನಿಗೆ. ನಿರ್ದೇಶಕರಿಗೆ ಆ ಮುಖ ಬೇಕಿತ್ತು, ಮಾತು ಹೊಂದ್ತಿರಲಿಲ್ಲ. ಮೂರು ದಿನ ತಿಣುಕಿದ್ರು. ಆಯ್ತಾ, ಅಕ್ಕಾ. ಕೂರುತ್ತೆ ಅಂತ ನಾನೇ ಹೇಳಿದೆ. ಆಗ ನನಗೆ ಇಪ್ಪತ್ತೊಂದು."

ಟೀಚರ್ ಮತ್ತು ರೀಲಣ್ಣ ಅರ್ಧ ನಿಮಿಷದಲ್ಲೇ ಚೇತರಿಸಿಕೊಂಡರು. ನಿಯಮ ಮೂರನ್ನು ತೆಗೆಯುವುದಾದರೆ ಒಂದೇ ಪಾತ್ರವನ್ನು ಹಂಚಿಕೊಂಡು ಮಾಡಿದ್ದಕ್ಕೆ ಹೋದ ತಿಂಗಳು ಅದೇ ನಿಯಮದಡಿ ಕೈಬಿಟ್ಟ ಅವಳಿ ಮಕ್ಕಳನ್ನು ಮತ್ತೆ ಒಳಗೆ ತರಬೇಕೆಂದು ಟೀಚರ್ ಹೇಳಿದರು. ಅವಳಿಗಳು ಒಬ್ಬರೋ ಇಬ್ಬರೋ ಎಂಬುದು ಮೊದಲು ತೀರ್ಮಾನವಾಗಲಿ ಎಂದ ರೀಲಣ್ಣ. ಇಬ್ಬರಾದರೆ, ಇರುವವರಲ್ಲಿ ಒಬ್ಬರನ್ನು ಇಳಿಸಿದರೂ ಪಟ್ಟಿ ಹನ್ನೊಂದಾಗುತ್ತಿತ್ತು.

ಆಕೆ ಕರಡನ್ನು ತಮ್ಮತ್ತ ಎಳೆದುಕೊಂಡರು. ಅಧ್ಯಕ್ಷರ ಕೆಂಪು ಪೆನ್ನನ್ನು ಕೇಳದೆಯೇ ಎತ್ತಿಕೊಂಡರು. ಕೊನೆಯ ಎರಡು ಸಾಲಿನ ಮೇಲೆ, ಕಾಗದ ಹರಿಯದಂತೆ ನಿಧಾನವಾಗಿ, ಒಂದು ಗೆರೆ. ಅದರ ಕೆಳಗೆ ಇನ್ನೊಂದು. ಪಕ್ಕದ ಖಾಲಿ ಜಾಗದಲ್ಲಿ ಬಿಡಿಬಿಡಿಯಾಗಿ ತಮ್ಮ ಹೆಸರನ್ನು ಬರೆದರು. ಹಾಳೆಯನ್ನು ಪುಟ ಜೋಡಿಸುವವರತ್ತ ಚಾಚಿದರು.

ಅವರು ತೆಗೆದುಕೊಳ್ಳಲಿಲ್ಲ. "ಅಧ್ಯಕ್ಷರ ಸಹಿ ಬೇಕು."

ಹಾಳೆ ಅಧ್ಯಕ್ಷರ ಮುಂದೆ ಬಂತು. ಹೊಡೆದುಹಾಕಿದ ವಾಕ್ಯವನ್ನು ಅವರು ಕೆಂಪು ಗೆರೆಗಳ ಅಡಿಯಿಂದಲೇ ಒಂದು ಸಲ ಓದಿಕೊಂಡರು. ಚೆನ್ನಾಗಿತ್ತು. ಈಗಲೂ ಚೆನ್ನಾಗಿಯೇ ಇತ್ತು. ಟೀಚರ್ ಮೊಣಕೈಯ ಅಡಿಯಿಂದ ಹುಡುಗನ ಚಿತ್ರವನ್ನು ಎಳೆದುಕೊಂಡು ನೋಡಿದರು. ಆಯಾಸಗೊಂಡ ಮಗುವೊಂದು ಅವರನ್ನು ಏನೋ ಕೇಳುತ್ತಿತ್ತು. ಅವರು ಪೆನ್ನಿಗಾಗಿ ಕೈ ಚಾಚಿದರು. ಆಕೆ ಕೊಟ್ಟರು.

ಸಹಿ ಮಾಮೂಲಿಗಿಂತ ಚಿಕ್ಕದಾಗಿ ಬಂತು.

"ಅಧ್ಯಕ್ಷರೇ, ಅವಳಿಗಳ ವಿಷಯ ಮತಕ್ಕೆ ಹಾಕಿ," ಎಂದರು ಟೀಚರ್.

ಪುಟ ಜೋಡಿಸುವವರು ಹಣೆಯ ಕನ್ನಡಕವನ್ನು ಮೂಗಿಗಿಳಿಸಿ ಕೈಬರಹವನ್ನು ಪರೀಕ್ಷಿಸಿದರು. "ಅಕ್ಷರ ಸ್ಪಷ್ಟ ಇದೆ. ಇನಿಷಿಯಲ್ ಏನಾದ್ರೂ ಇದೆಯಾ ತಾಯಿ?"

"ಎರಡಿದೆ," ಎಂದರು ಆಕೆ. "ಎರಡೂ ಹಾಕಿ."

ಹೇಳಿದ ಎರಡು ಅಕ್ಷರಗಳನ್ನು ಅವರು ಹೆಸರಿನ ಹಿಂದೆ ಬರೆದುಕೊಂಡರು, ಚುಕ್ಕೆಗಳನ್ನು ಇಟ್ಟರು, ಶಾಯಿ ಒರೆಸಿಹೋಗದಂತೆ ಹಾಳೆಯನ್ನು ಎರಡೂ ಅಂಗೈಗಳ ಮೇಲೆ ಅಡ್ಡಲಾಗಿ ಹಿಡಿದುಕೊಂಡರು. ಕೈ ಬಿಡುವಿಲ್ಲದ್ದರಿಂದ ಬಾಗಿಲನ್ನು ಭುಜದಿಂದ ತಳ್ಳಿ ಹೊರಗೆ ಹೋದರು. ಅದು ಅವರ ಬೆನ್ನ ಹಿಂದೆ ತಾನಾಗಿಯೇ ಮುಚ್ಚಿಕೊಂಡಿತು.